ಕೊಪ್ಪಳದವರು ಗೊಂಬೆ ಮಾಡಿಕೊಂಡಿದ್ದರೆ ಸಾಕೇ?

ಮುನಿರಾಬಾದ್‌ನಲ್ಲಿ ಇದ್ದುಕೊಂಡು, ಹಗಲು ದುಡಿದು, ಸಂಜೆ ಆರರ ಮೇಲೆ ಏನೇನು ಕಲಿಯಬಹುದು? ಕಂಪ್ಯೂಟರ್ ಕಲಿಯಬಹುದು, ಟ್ಯಾಲಿ ಕಲಿಯಬಹುದು. ಹೊಲಿಗೆ, ಡ್ರೈವಿಂಗ್, ಸ್ಪೋಕನ್ ಇಂಗ್ಲಿಷ್ ಕಲಿಯಬಹುದು. ಡ್ಯಾಮಿನ ಆಚೆ ಹೊಸಪೇಟೆಗೋ ಈಚೆ ಕೊಪ್ಪಳಕ್ಕೋ ಬಸ್ಸು ಹತ್ತಿದರೆ ಪಿಎಸ್‌ಐ, ಎಫ್‌ಡಿಎ ಕೋಚಿಂಗ್ ಸಿಗುತ್ತದೆ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಎಂ.ಎ., ಎಂ.ಕಾಂ. ಮುಗಿಸಬಹುದು. ಆದರೆ ಮೂವತ್ತೈದು ದಾಟಿದ ಒಬ್ಬ ಮನುಷ್ಯ ‘ನಾನು ಕಲೆ ಓದಬೇಕು, ಅದೂ ಇವತ್ತಿನ ಕಾಲದ ಕಲೆ ಓದಬೇಕು’ ಎಂದರೆ ಎಲ್ಲ ಬಾಗಿಲೂ ಬಂದ್.

ಇದು ಯಾರದೋ ಕತೆಯಲ್ಲ. ಜಿಲ್ಲೆಯಲ್ಲಿ ಸುದ್ದಿ ಬರೆದುಕೊಂಡಿರುವ ನಮ್ಮಲ್ಲೇ ಕೆಲವರಿಗೆ ಈ ಆಸೆ ಇದೆ. ದಕ್ಷಿಣದ ಒಂದು ಕಲಾ ಕಾಲೇಜಿಗೆ ಫೋನ್ ಹಚ್ಚಿ ವಿಚಾರಿಸಿದೆವು. ‘ನಿಮ್ಮ ಮಗನಿಗಾ ಸರ್?’ ಎಂಬುದು ಮೊದಲ ಪ್ರಶ್ನೆ. ನಮಗೇ ಎಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಾಲ್ಕು ವರ್ಷ ಫುಲ್ ಟೈಮ್ ಸರ್, ಹಾಜರಿ ಕಡ್ಡಾಯ, ನಿಮಗೆ ಆಗೋದಿಲ್ಲ ಬಿಡಿ’ ಎಂಬ ಸಲಹೆ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಎಣಿಸಿ ಕೊಡುವ ಸಂಬಳದಲ್ಲಿ ಸಂಸಾರ ಎಳೆಯುವವರು ನಾಲ್ಕು ವರ್ಷ ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಇರಲಾರೆವು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ ಕಳೆದರೆ ಬೆಂಗಳೂರು ಸಿಗುತ್ತದೆ ನಿಜ. ಕಲೆಯ ಪದವಿ ಸಿಗಲು ಕೆಲಸ, ಮನೆ, ಅಪ್ಪ-ಅಮ್ಮ, ಮಕ್ಕಳು ಎಲ್ಲವನ್ನೂ ಇಲ್ಲೇ ಬಿಟ್ಟು ಹೋಗಬೇಕು.

ಹಾಗಾದರೆ ದೂರಶಿಕ್ಷಣದಲ್ಲಿ ಓದಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲೂ ಬೀಗ. ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಕಲಿಸಬಾರದ ವಿಷಯಗಳ ಪಟ್ಟಿಯೊಂದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ ಇಟ್ಟುಕೊಂಡಿದೆ. ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್, ಔಷಧ ವಿಜ್ಞಾನ, ವಿಮಾನ ನಿರ್ವಹಣೆ ಇವೆಲ್ಲ ಅದರಲ್ಲಿವೆ. ಸರಿಯೇ. ಅಂಚೆಯಲ್ಲಿ ಪಾಠ ಓದಿದವನ ಕೈಗೆ ಆಪರೇಶನ್ ಕತ್ತರಿಯನ್ನೋ ವಿಮಾನದ ಎಂಜಿನ್ನನ್ನೋ ಯಾರೂ ಕೊಡಬಾರದು. ಆದರೆ ಅದೇ ಪಟ್ಟಿಯಲ್ಲಿ ದೃಶ್ಯಕಲೆಯೂ ಇದೆ! ಅರೆಬರೆ ಕಲಿತವನು ವಿಮಾನ ರಿಪೇರಿ ಮಾಡಿದರೆ ನೂರಾರು ಜನ ಸಾಯುತ್ತಾರೆ. ಅರೆಬರೆ ಕಲಿತವನು ಚಿತ್ರ ಬರೆದರೆ ಯಾರು ಸಾಯುತ್ತಾರೆ ಸ್ವಾಮಿ?

ಕಲೆ ಕೈಕೆಲಸದ ವಿದ್ಯೆ, ಗುರುವಿನ ಎದುರು ಕೂತೇ ಕಲಿಯಬೇಕು ಎಂಬುದು ಅದಕ್ಕೆ ಕೊಡಬಹುದಾದ ಸಮರ್ಥನೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಇಗ್ನೋ ಇಷ್ಟು ವರ್ಷಗಳಿಂದ ಬಿ.ಎಸ್ಸಿ. ನಡೆಸುತ್ತಿದೆ. ಅದಕ್ಕೂ ಪ್ರಯೋಗಾಲಯ ಬೇಕು. ವಿದ್ಯಾರ್ಥಿಗಳನ್ನು ಅಧ್ಯಯನ ಕೇಂದ್ರಕ್ಕೆ ಕರೆಸಿ, ಕೆಲವು ದಿನ ಪ್ರಯೋಗ ಮಾಡಿಸಿ ಕಳಿಸುತ್ತಾರೆ. ರಸಾಯನಶಾಸ್ತ್ರಕ್ಕೆ ಆಗುವ ವ್ಯವಸ್ಥೆ ಬಣ್ಣಕ್ಕೆ ಯಾಕೆ ಆಗುವುದಿಲ್ಲ?

ಬೇರೆ ದೇಶಗಳಲ್ಲಿ ಆಗಿದೆ. ಬ್ರಿಟನ್ನಿನಲ್ಲಿ ಮೈಕೆಲ್ ಯಂಗ್ ಎಂಬವರು 1987ರಲ್ಲಿ ಓಪನ್ ಕಾಲೇಜ್ ಆಫ್ ದಿ ಆರ್ಟ್ಸ್ ಶುರು ಮಾಡಿದರು. ಮನೆಯಲ್ಲಿ ಕೂತು ಕೆಲಸ ಮಾಡು, ಮಾಡಿದ್ದನ್ನು ಗುರುವಿಗೆ ಕಳಿಸು, ಅವರ ಟೀಕೆ ಓದಿ ಮತ್ತೆ ಮಾಡು ಎಂಬ ಪದ್ಧತಿ. ಮುಂದೆ ಅದೇ ದಾರಿಯಲ್ಲಿ ಪದವಿಯನ್ನೂ ಕೊಟ್ಟರು. ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್ 1875ರಿಂದ ಇದೆ. ಹಗಲು ನೌಕರಿ ಮಾಡುವವರು ಸಂಜೆ ಬಂದು ಕಲಿಯುತ್ತಾರೆ. ಅಷ್ಟು ದೂರ ಯಾಕೆ, ನೌಕರಿಯಲ್ಲಿದ್ದ ಡಿಪ್ಲೊಮಾ ಎಂಜಿನಿಯರುಗಳಿಗಾಗಿ ಬೆಂಗಳೂರಿನಲ್ಲೇ ಸಂಜೆ ಬಿ.ಇ. ನಡೆಯುತ್ತಿತ್ತು. ದುಡಿಯುವವರಿಗೆ ಓದಿಸುವುದು ಹೇಗೆಂದು ನಮ್ಮ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ. ಕಲೆಯ ವಿಷಯ ಬಂದಾಗ ಮಾತ್ರ ಮರೆತುಹೋಗುತ್ತದೆ.

ಈ ಬೇಡಿಕೆ ಎತ್ತಿದಾಗಲೆಲ್ಲ ನಮಗೆ ಸಿಗುವ ಉತ್ತರಗಳು ಮೂರು. ಒಂದೊಂದಾಗಿ ನೋಡೋಣ.

ಮೊದಲನೆಯದು ನಮ್ಮ ಮನೆಯವರದೇ. ‘ಈ ವಯಸ್ನ್ಯಾಗ ಚಿತ್ರಾ ಕಲ್ತು ಏನ್ ಮಾಡ್ತೀಯೋ ತಮ್ಮಾ, ಹೊಟ್ಟಿಗೆ ಏನ್ ತಿಂತೀಯ?’ ಪ್ರೀತಿಯಿಂದ ಕೇಳುವ ಪ್ರಶ್ನೆ, ಬೇಸರವಿಲ್ಲ. ಆದರೆ ವಯಸ್ಸಿನ ಲೆಕ್ಕ ಕಲೆಗೆ ಹೊಂದುವುದಿಲ್ಲ. ರವೀಂದ್ರನಾಥ ಟ್ಯಾಗೋರರ ಚಿತ್ರಗಳ ಮೊದಲ ಪ್ರದರ್ಶನ ಪ್ಯಾರಿಸ್‌ನಲ್ಲಿ ಆದದ್ದು 1930ರಲ್ಲಿ, ಅವರು ಎಪ್ಪತ್ತರ ಹೊಸ್ತಿಲಲ್ಲಿದ್ದಾಗ. ನಮ್ಮದೇ ವೃತ್ತಿಯವರ ಉದಾಹರಣೆ ಬೇಕೆಂದರೆ ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದ ರುಮಾಲೆ ಚನ್ನಬಸವಯ್ಯನವರಿದ್ದಾರೆ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕಾರಣ ಇಷ್ಟನ್ನೂ ದಾಟಿ ನಡುವಯಸ್ಸಿನಲ್ಲಿ ಕುಂಚಕ್ಕೆ ಮರಳಿದರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಇವತ್ತಿಗೂ ಜನ ಅವರ ಕಣ್ಣಿನಿಂದ ನೋಡುತ್ತಾರೆ. ಇನ್ನು ಹೊಟ್ಟೆಯ ಮಾತು. ಹೊಟ್ಟೆ ತುಂಬಿಸುವ ಕೆಲಸ ಬಿಡದೆ ಕಲಿಯುತ್ತೇವೆ ಎಂದೇ ಅಲ್ಲವೇ ನಾವು ಅರೆಕಾಲಿಕ ಕೋರ್ಸು ಕೇಳುತ್ತಿರುವುದು?

ಎರಡನೆಯ ಉತ್ತರ: ‘ಯೂಟ್ಯೂಬ್ ಇದೆಯಲ್ಲ, ನೋಡಿ ಕಲೀರಿ.’ ನೋಡಿದ್ದೇವೆ. ಕಣ್ಣು ಬರೆಯುವುದು ಹೇಗೆ, ನೀರಿನ ಹೊಳಪು ತರುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ಆದರೆ ಸಮಕಾಲೀನ ಕಲೆಯ ಓದು ಕೈಚಳಕದಲ್ಲೇ ಮುಗಿಯುವುದಿಲ್ಲ. ನೀನು ಮಾಡಿದ್ದನ್ನು ಗೋಡೆಗೆ ತೂಗುಹಾಕಿ ಹತ್ತು ಜನ ಎದುರು ನಿಲ್ಲಬೇಕು. ಇದು ಯಾಕೆ ಇಷ್ಟು ದೊಡ್ಡದು, ಬಣ್ಣ ಯಾಕೆ ಬೇಕಿತ್ತು, ಬರೀ ಮಣ್ಣು ಸಾಲುತ್ತಿರಲಿಲ್ಲವೇ, ಇದನ್ನು ನಿನಗಿಂತ ಮೊದಲು ಯಾರು ಮಾಡಿದ್ದಾರೆ ಎಂದು ಅವರು ಕೇಳಬೇಕು. ನೀನು ತಡವರಿಸಬೇಕು, ಮನೆಗೆ ಹೋಗಿ ಮತ್ತೆ ಮಾಡಬೇಕು. ಇದಕ್ಕೆ ಒಂದು ಕೋಣೆ ಬೇಕು, ಓದಿಕೊಂಡ ಒಬ್ಬ ಗುರು ಬೇಕು, ಜೊತೆಗಾರರು ಬೇಕು. ಮೊಬೈಲ್ ಎಷ್ಟೇ ಪಾಠ ಹೇಳಿಕೊಟ್ಟರೂ ನಿನ್ನ ಕೆಲಸದ ಎದುರು ನಿಂತು ಪ್ರಶ್ನೆ ಕೇಳುವುದಿಲ್ಲ.

ಮೂರನೆಯ ಉತ್ತರ ಅಧಿಕಾರಿಗಳದು, ವೇದಿಕೆಯ ಮೇಲಿನವರದು. ನಮಗೆ ನಿಜವಾಗಿ ಸಿಟ್ಟು ಬರುವುದು ಇದಕ್ಕೇ. ‘ನಿಮ್ಮ ಜಿಲ್ಲೆಯಲ್ಲಿ ಕಿನ್ನಾಳ ಇದೆಯಲ್ಲ! ಅಂಥಾ ಪರಂಪರೆ ಇಟ್ಟುಕೊಂಡು ಬೇರೆ ಕಲೆ ಯಾಕೆ?’

ಕಿನ್ನಾಳದ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಕಾಯಿಸಿ, ಪದರ ಪದರವಾಗಿ ಹಚ್ಚಿ ಬಣ್ಣ ಏರಿಸುವ ಚಿತ್ರಗಾರರ ಮನೆಗಳ ಬಗ್ಗೆ ವರ್ಷಕ್ಕೊಂದು ವಿಶೇಷ ವರದಿ ಬರೆಯುವವರೇ ನಾವು. ಭೌಗೋಳಿಕ ಗುರುತಿನ ಮಾನ್ಯತೆಯೂ ಆ ಗೊಂಬೆಗಳಿಗೆ ಸಿಕ್ಕಿದೆ. ಆ ಕೈಗಳಿಗೆ ನಮಸ್ಕಾರ. ಆದರೆ ಈ ಹೊಗಳಿಕೆಯ ಒಳಗೊಂದು ಹಂಚಿಕೆ ಅಡಗಿದೆ. ಹಳೆಯದನ್ನು ಕಾಪಾಡುವುದು ಹಳ್ಳಿಯ ಪಾಲು, ಹೊಸದನ್ನು ಯೋಚಿಸುವುದು ನಗರದ ಪಾಲು. ಹಳ್ಳಿಯವರು ಮಾಡಿದರೆ ಕರಕುಶಲ, ನಗರದವರು ಮಾಡಿದರೆ ಕಲೆ. ಈ ಹಂಚಿಕೆಯನ್ನು ಮಾಡಿದವರು ಯಾರು?

ನಮ್ಮ ನೆಲ ಯಾವತ್ತೂ ಹೀಗೆ ಇರಲಿಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ದೈತ್ಯ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಸತ್ತವರಿಗೆ ಮನೆ ಕಟ್ಟಿದವರು ತಮ್ಮ ಕಾಲದಲ್ಲಿ ಹೊಸದನ್ನೇ ಮಾಡುತ್ತಿದ್ದರು. ಆನೆಗೊಂದಿಯ ಉಚ್ಚಪ್ಪಯ್ಯನ ಮಠದ ಛಾವಣಿಗೆ ಚಿತ್ರ ಬರೆದವರಿಗೂ, ಹಂಪಿ ವಿರೂಪಾಕ್ಷನ ರಂಗಮಂಟಪದ ಸೂರಿಗೆ ಬಣ್ಣ ಹಚ್ಚಿದವರಿಗೂ ಅದು ಪರಂಪರೆಯ ಪ್ರದರ್ಶನ ಆಗಿರಲಿಲ್ಲ, ಅವತ್ತಿನ ಕೆಲಸವಾಗಿತ್ತು. ಕಿನ್ನಾಳದ ಚಿತ್ರಗಾರರ ಹಿರೀಕರೇ ಆ ವಿರೂಪಾಕ್ಷನ ಸೂರಿಗೆ ಬಣ್ಣ ಹಚ್ಚಿದವರು ಎಂಬ ನಂಬಿಕೆ ಇಲ್ಲಿದೆ. ಅಂಥವರ ಮೊಮ್ಮಕ್ಕಳು ‘ನಾನು ಗೊಂಬೆ ಬಿಟ್ಟು ಬೇರೆ ಏನಾದರೂ ಮಾಡಿ ನೋಡುತ್ತೇನೆ’ ಎಂದರೆ, ಅದನ್ನು ಕಲಿಯಲು ಜಿಲ್ಲೆಯಲ್ಲಿ ಒಂದು ಜಾಗವಿಲ್ಲ.

ಇನ್ನೊಂದು ವ್ಯಂಗ್ಯ ನೋಡಿ. ಜಗತ್ತಿನ ಕಲಾ ವಲಯದಲ್ಲಿ ಇವತ್ತು ಗೌರವದಿಂದ ಹೆಸರು ಹೇಳುವ ಕನ್ನಡ ನೆಲದ ಕಲಾವಿದೆ ಶೀಲಾ ಗೌಡ, ಭದ್ರಾವತಿಯಲ್ಲಿ ಹುಟ್ಟಿದವರು. ಅವರು ಬಳಸಿದ ಸಾಮಗ್ರಿ ಏನು? ಸಗಣಿ, ಕುಂಕುಮ, ಸೂಜಿ-ದಾರ, ತಲೆಕೂದಲು, ಡಾಂಬರಿನ ಡ್ರಮ್ಮು. ಇವೆಲ್ಲ ನಮ್ಮ ಹಿತ್ತಲಲ್ಲಿ, ರಸ್ತೆ ಬದಿಯಲ್ಲಿ ಬಿದ್ದಿರುವ ವಸ್ತುಗಳು. ಸಾಮಗ್ರಿ ನಮ್ಮ ಬಳಿ ಇದೆ, ಅದನ್ನು ಕಲೆಯಾಗಿ ಯೋಚಿಸುವ ಶಿಕ್ಷಣ ಮಾತ್ರ ಊರು ಬಿಟ್ಟವರಿಗೆ. ಅವರು ಕಲಿತ ಬೆಂಗಳೂರಿನ ಕೆನ್ ಕಲಾಶಾಲೆಯನ್ನು ಕಟ್ಟಿದವರು ಬಾದಾಮಿಯ ಆರ್. ಎಂ. ಹಡಪದ. ಅಂದರೆ ಗುರುವೂ ನಮ್ಮ ಕಡೆಯವರೇ. ಕಲಿಸುವುದಕ್ಕೂ ರೈಲು ಹತ್ತಬೇಕಾಯಿತು, ಕಲಿಯುವುದಕ್ಕೂ ಹತ್ತಬೇಕು.

ಇಲ್ಲೇ ಉಳಿದು ಕಲಿಸಿದವರೂ ಇದ್ದಾರೆ. ಧಾರವಾಡದಲ್ಲಿ ಹಾಲಭಾವಿ, ಗದುಗಿನಲ್ಲಿ ಟಿ. ಪಿ. ಅಕ್ಕಿ, ಕಲಬುರಗಿಯಲ್ಲಿ ವಿ. ಜಿ. ಅಂದಾನಿ. ಒಬ್ಬೊಬ್ಬರೂ ತಮ್ಮ ಬದುಕನ್ನೇ ಒತ್ತೆ ಇಟ್ಟು ಶಾಲೆ ಕಟ್ಟಿದರು. ಉತ್ತರ ಕರ್ನಾಟಕದ ಕಲಾ ಶಿಕ್ಷಣದ ಇತಿಹಾಸವೆಂದರೆ ಬಹುಪಾಲು ಇಂಥ ಒಂಟಿ ಮೇಷ್ಟ್ರುಗಳ ಇತಿಹಾಸ. ಇನ್ನೆಷ್ಟು ದಿನ ಒಬ್ಬ ಪುಣ್ಯಾತ್ಮ ಹುಟ್ಟಿ ಬರಲಿ ಎಂದು ಕಾಯಬೇಕು?

ಇಷ್ಟಕ್ಕೂ ಪತ್ರಕರ್ತರಿಗೆ ಇದೆಲ್ಲ ಯಾಕೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನು ಕಿತ್ತು ಕೊಚ್ಚಿಹೋಯಿತು. ರಾಜ್ಯದ ಕ್ಯಾಮೆರಾಗಳೆಲ್ಲ ಮುನಿರಾಬಾದ್‌ಗೆ ಬಂದವು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿದರು, ಕ್ಯಾಮೆರಾಗಳು ಹೊರಟುಹೋದವು. ನಾವು ಕಳಿಸಿದ ಇನ್ನೂರು ಪದಗಳ ಸುದ್ದಿಗೆ ಒಂದು ದಿನದ ಆಯಸ್ಸು. ಆ ರಾತ್ರಿ ಹೊಳೆ ದಂಡೆಯವರು ನಿದ್ದೆಗೆಟ್ಟು ಕೂತದ್ದು, ಬೆಳೆ ಉಳಿಯುತ್ತದೋ ಇಲ್ಲವೋ ಎಂಬ ರೈತರ ಲೆಕ್ಕ, ಎಪ್ಪತ್ತು ವರ್ಷದ ಹಿಂದೆ ಇದೇ ನೀರಿನಡಿ ಊರು ಕಳಕೊಂಡವರ ಮೊಮ್ಮಕ್ಕಳ ಮಾತು ಯಾವುದೂ ಆ ಇನ್ನೂರು ಪದಗಳಲ್ಲಿ ಹಿಡಿಸಲಿಲ್ಲ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿಧೂಳು ಹತ್ತಿ ಹೊಲದ ಮೇಲೆ ಕೂರುವುದನ್ನು ಎಷ್ಟು ಸಲ ಬರೆದಿದ್ದೇವೆ? ಬರೆದಷ್ಟೂ ಓದುಗರಿಗೆ ರೂಢಿಯಾಗಿದೆ. ಆ ಧೂಳನ್ನೇ ಒಂದು ಬಿಳಿ ಸೀರೆಯ ಮೇಲೆ ಒಂದು ತಿಂಗಳು ಕೂರಲು ಬಿಟ್ಟು, ಆ ಸೀರೆಯನ್ನು ಜಿಲ್ಲಾಡಳಿತ ಭವನದ ಮುಂದೆ ಹರವಿದರೆ? ಅದು ಸುದ್ದಿಯೋ ಕಲೆಯೋ ಎಂದು ಜಗಳ ಆಗಲಿ. ಆ ಜಗಳವನ್ನು ಅರಿತು ಆಡುವಷ್ಟು ಓದು ನಮಗೆ ಬೇಕು.

ನಮ್ಮಂಥವರಷ್ಟೇ ಅಲ್ಲ. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟು ಗೋಡೆಗೆ ಸುಣ್ಣ ಬಳಿಯುತ್ತಿರುವ ಬೋರ್ಡ್ ಪೇಂಟರುಗಳಿದ್ದಾರೆ. ಹೈಯರ್ ಗ್ರೇಡ್ ಡ್ರಾಯಿಂಗ್ ಪಾಸಾಗಿ, ಮುಂದೆ ಓದಲಾಗದೆ ಮದುವೆಯಾಗಿ ಬಂದ ಹೆಣ್ಣುಮಕ್ಕಳಿದ್ದಾರೆ. ಪಾಳಿ ಮುಗಿಸಿ ಬಂದು ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆಯುವ ಕಾರ್ಖಾನೆಯ ಹುಡುಗರಿದ್ದಾರೆ. ಹಾಜರಿ ಪುಸ್ತಕಕ್ಕೆ ಇವರ್‍ಯಾರೂ ಹೊಂದುವುದಿಲ್ಲ.

ಹಣವಿಲ್ಲ ಎನ್ನಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಎಂದು ಬಜೆಟ್‌ನಲ್ಲಿ ಓದಿ ಹೇಳಿದ್ದನ್ನು ನಾವೇ ಸುದ್ದಿ ಮಾಡಿದ್ದೇವೆ. ಜಾಗವಿಲ್ಲ ಎನ್ನಬೇಡಿ. ಡ್ಯಾಮು ಕಟ್ಟಿದ ಕಾಲದ ಸರ್ಕಾರಿ ಕಟ್ಟಡಗಳು ಮುನಿರಾಬಾದ್‌ನಲ್ಲಿ ಪಾಳು ಬಿದ್ದಿವೆ. ಶಿಕ್ಷಕರನ್ನು ತಯಾರು ಮಾಡುವ ಡಯಟ್ ಇಲ್ಲೇ ಇದೆ. ಕಲಿಸುವವರಿಲ್ಲ ಎನ್ನಬೇಡಿ. ಹೊಳೆಯಾಚೆ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗವಿದೆ. ನಮ್ಮದೇ ಕೊಪ್ಪಳ ವಿಶ್ವವಿದ್ಯಾಲಯವಂತೂ ಕಣ್ಣು ಬಿಡುವ ಮೊದಲೇ, 2025ರಲ್ಲಿ, ಅದನ್ನು ಮುಚ್ಚಬೇಕೆಂದು ಸಚಿವರ ಉಪಸಮಿತಿ ಶಿಫಾರಸು ಮಾಡಿತು. ಮುಚ್ಚುವ ಯೋಚನೆಗೆ ಇದ್ದ ಉತ್ಸಾಹದಲ್ಲಿ ಅರ್ಧದಷ್ಟು ಒಂದು ಹೊಸ ವಿಭಾಗ ತೆರೆಯುವುದಕ್ಕೆ ಇರಲಿ.

ನಾವು ಕೇಳುತ್ತಿರುವುದು ಇಷ್ಟು. ದೂರಶಿಕ್ಷಣದ ನಿಷೇಧದ ಪಟ್ಟಿಯಿಂದ ದೃಶ್ಯಕಲೆಯನ್ನು ತೆಗೆಯಿರಿ, ಬೇಕಿದ್ದರೆ ತಿಂಗಳಿಗೆ ಇಷ್ಟು ದಿನ ಎದುರು ತರಗತಿ ಕಡ್ಡಾಯ ಮಾಡಿ. ಅದು ದಿಲ್ಲಿಯ ಕೆಲಸ, ತಡವಾಗಬಹುದು. ಅಲ್ಲಿಯವರೆಗೆ ಮುನಿರಾಬಾದ್‌ನಲ್ಲಿ ಶನಿವಾರ ಸಂಜೆ ಮತ್ತು ಭಾನುವಾರ ನಡೆಯುವ ಎರಡು ವರ್ಷದ ಡಿಪ್ಲೊಮಾ ಶುರುವಾಗಲಿ. ಪಾಠ ಕನ್ನಡದಲ್ಲಿರಲಿ. ವಯಸ್ಸಿನ ಮಿತಿ ಬೇಡ, ಪಿಯುಸಿ ಅಂಕಪಟ್ಟಿ ಬೇಡ, ಮಾಡಿದ ಕೆಲಸ ನೋಡಿ ಸೇರಿಸಿಕೊಳ್ಳಿ. ಕಿನ್ನಾಳದ ಚಿತ್ರಗಾರರು ಅಲ್ಲಿ ವಿದ್ಯಾರ್ಥಿಗಳಾಗಿಯೂ ಬರಲಿ, ಸಂಬಳ ಪಡೆಯುವ ಮೇಷ್ಟ್ರಾಗಿಯೂ ಬರಲಿ.

ಮುಂದಿನ ಸಲ ಶಾಸಕರೋ ಉಸ್ತುವಾರಿ ಸಚಿವರೋ ಕಿನ್ನಾಳ ಗೊಂಬೆಯನ್ನು ನೆನಪಿನ ಕಾಣಿಕೆಯಾಗಿ ಕೈಗೆತ್ತಿಕೊಂಡು ಫೋಟೊಗೆ ನಿಂತಾಗ ನಾವು ಫೋಟೊ ತೆಗೆಯುತ್ತೇವೆ. ತೆಗೆದ ಮೇಲೆ ಈ ಪ್ರಶ್ನೆಯನ್ನೂ ಕೇಳುತ್ತೇವೆ. ಓದಿದ ನೀವೂ ನಿಮ್ಮ ಊರಿನ ಸಭೆಯಲ್ಲಿ ಕೇಳಿ.