ಆಟದ ಸಾಮಾನಿನ ಅಂಗಡಿಗೆ ಹೋಟೇಲಿನ ಲೆಕ್ಕ ಸಲ್ಲದು

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಸ್ವಂತದ ಅಂಗಡಿಯೊಂದನ್ನು ಹೂಡಬೇಕೆಂಬ ಆಸೆ ಹೊಸದೇನೂ ಅಲ್ಲ. ಹೋಟೇಲಿನ ಗಲ್ಲೆಯಲ್ಲಿ ಇಪ್ಪತ್ತು ವರ್ಷ ಕುಳಿತವನಿಗೂ, ಕಚೇರಿಯಲ್ಲಿ ಮೂವತ್ತು ವರ್ಷ ಪರರ ಲೆಕ್ಕ ಬರೆದವನಿಗೂ ಒಂದಿಲ್ಲೊಂದು ದಿನ ಆ ಯೋಚನೆ ಬಂದೇ ಬರುತ್ತದೆ. ಹಿಂದೆ ಹೋಟೇಲು, ಬೀಡಾ ಅಂಗಡಿಗಳ ಸುತ್ತಲೇ ಸುಳಿಯುತ್ತಿದ್ದ ಈ ಮಾತು ಈಗ ಆಟದ ಸಾಮಾನಿನ ಅಂಗಡಿಯತ್ತಲೂ ಹೊರಳಿದೆ. ಅದಕ್ಕೆ ಕಾರಣಗಳಿಲ್ಲದಿಲ್ಲ. ಹೊಸ ಹೊಸ ವಸಾಹತುಗಳು ಎದ್ದಲ್ಲೆಲ್ಲ ಬ್ಯಾಡ್ಮಿಂಟನ್ ಅಂಗಣಗಳೂ ಕ್ರಿಕೆಟ್ ತರಬೇತಿಯ ವರ್ಗಗಳೂ ಎದ್ದಿವೆ. ರವಿವಾರ ಬೆಳಗಾದರೆ ಮೈದಾನಗಳಲ್ಲಿ ಟೆನಿಸ್ ಚೆಂಡಿನ ಕ್ರಿಕೆಟಿಗೆ ಕಾಲಿಡಲು ಸ್ಥಳವಿರುವುದಿಲ್ಲ. ಡೊಂಬಿವಲಿಯ ಸಣ್ಣ ಶಿಬಿರವೊಂದರಲ್ಲಿ ಚಾಪೆ ಹಾಸಿದ ಪಿಚ್ಚಿನ ಮೇಲೆ ಆಟ ಕಲಿತ ಅಜಿಂಕ್ಯ ರಹಾನೆ ಭಾರತ ತಂಡದ ನಾಯಕತ್ವವನ್ನೂ ವಹಿಸಿದ ಮೇಲೆ, ಆ ಊರಿನ ಯಾವ ತಂದೆ ತಾನೆ ಮಗನಿಗೆ ಬ್ಯಾಟು ಬೇಡವೆಂದಾನು?

ನಮ್ಮ ಯುವಕರು ತಟ್ಟೆ ಲೋಟಗಳ ವ್ಯಾಪಾರದಿಂದಾಚೆಗೂ ಕಣ್ಣು ಹಾಯಿಸುತ್ತಿರುವುದು ನಮಗೆ ಸಂತೋಷವನ್ನೇ ತಂದಿದೆ. ಆದರೆ ಹಣ ಯಾರದು, ಅಂಗಡಿಯಲ್ಲಿ ನಿಲ್ಲುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ನಮ್ಮವರು ಕೊಡುವ ಉತ್ತರ ಇಂದಿಗೂ ಹೋಟೇಲಿನದೇ ಆಗಿದೆ. ಸಾಲ ತಂದು ತೆರೆಯೋಣ, ದಿನದ ಗಲ್ಲೆಯಿಂದ ತೀರಿಸೋಣ. ಊರಿನಿಂದ ಹುಡುಗನೊಬ್ಬನನ್ನು ಕರೆಸೋಣ, ಊಟ ವಸತಿ ಕೊಟ್ಟರಾಯಿತು. ಈ ಉತ್ತರ ಆಟದ ಸಾಮಾನಿನ ಅಂಗಡಿಯನ್ನು ಒಂದೆರಡು ವರ್ಷಗಳಲ್ಲೇ ಮುಚ್ಚಿಸೀತು, ಹಣ ಹಾಕಿದವರ ಉಳಿತಾಯವನ್ನೂ ನುಂಗೀತು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಎರಡು ವ್ಯಾಪಾರಗಳ ಸ್ವಭಾವದಲ್ಲೇ ಇರುವ ಭೇದವನ್ನು ನೋಡಿರಿ. ಹೋಟೇಲಿನಲ್ಲಿ ನಿನ್ನೆ ಸಂಜೆ ಅರೆದ ಹಿಟ್ಟು ಇಂದು ಮಧ್ಯಾಹ್ನದೊಳಗೆ ನಗದಾಗುತ್ತದೆ. ಹಾಲಿನವನಿಗೂ ಕಿರಾಣಿಯವನಿಗೂ ವಾರಕ್ಕೋ ತಿಂಗಳಿಗೋ ಕೊಡುವುದು ರೂಢಿ. ಅಂದರೆ ಗಿರಾಕಿಯ ಹಣ ಮೊದಲು ಕೈಸೇರುತ್ತದೆ, ಸಾಮಾನಿನ ಹಣ ಆಮೇಲೆ ಕೈಬಿಡುತ್ತದೆ. 1942ರಲ್ಲಿ ಮಾಟುಂಗಾದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದಂದಿನಿಂದ ಇಂದಿನವರೆಗೆ ಕೈಯಲ್ಲಿ ಹೆಚ್ಚಿಲ್ಲದ ನಮ್ಮ ಎಷ್ಟೋ ಜನ ಈ ನಗರದಲ್ಲಿ ಮೇಲೆ ಬಂದಿದ್ದರೆ, ಅವರ ದುಡಿಮೆಯೊಂದಿಗೆ ಹೋಟೇಲಿನ ಈ ಗುಣವೂ ಕಾರಣವೆನ್ನಬೇಕು.

ಆಟದ ಸಾಮಾನು ಹಾಗಲ್ಲ. ಒಂದು ಜಾತಿಯ ಬೂಟು ಇಡಬೇಕಾದರೆ ಆರರಿಂದ ಹನ್ನೊಂದರವರೆಗೆ ಎಲ್ಲ ಅಳತೆಗಳನ್ನೂ ಇಡಬೇಕು. ಎಂಟು, ಒಂಬತ್ತು ಬೇಗನೆ ಹೋಗುತ್ತವೆ; ಹನ್ನೊಂದು ಕಪಾಟಿನಲ್ಲೇ ಮುದಿಯಾಗುತ್ತದೆ. ಬ್ಯಾಟಿನಲ್ಲಿ ಕಾಶ್ಮೀರಿ ವಿಲೋ ಬೇರೆ, ಇಂಗ್ಲಿಷ್ ವಿಲೋ ಬೇರೆ; ಮಕ್ಕಳ ಅಳತೆಗಳೇ ಆರೇಳು ಬಗೆ. ಮಳೆಗಾಲದ ತೇವಕ್ಕೆ ಚರ್ಮದ ಗ್ಲೌಸುಗಳಿಗೆ ಬೂಷ್ಟು ಹಿಡಿಯುತ್ತದೆ, ಬೂಟಿನ ಅಂಟು ಬಿಡುತ್ತದೆ. ಮೇರಠದಿಂದಲೋ ಜಾಲಂಧರದಿಂದಲೋ ತರಿಸಿದ ಮಾಲಿನ ಹಣ ಮರಳಿ ಬರಲು ನಾಲ್ಕು ತಿಂಗಳಾದೀತು, ಎಂಟಾದೀತು. ದಿನಕ್ಕೊಮ್ಮೆ ತಿರುಗುವ ಬಂಡವಾಳಕ್ಕೂ ವರ್ಷಕ್ಕೆ ಎರಡು ಮೂರು ಸಲ ತಿರುಗುವ ಬಂಡವಾಳಕ್ಕೂ ಒಂದೇ ಬಗೆಯ ಸಾಲ ಹೊಂದಲಾರದು.

ನಮ್ಮ ವಾಚಕರಲ್ಲಿ ಬಹುಮಂದಿ ಲೆಕ್ಕ ಬಲ್ಲವರು. ಆದುದರಿಂದ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಇಟ್ಟು ನೋಡೋಣ. ಅವರವರ ಊರಿನ ಬಾಡಿಗೆಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಬಾಡಿಗೆ 35,000 ರೂಪಾಯಿ. ಕೆಲಸ ಬಲ್ಲ ಒಬ್ಬನಿಗೆ 20,000, ಸಹಾಯಕನಿಗೆ 15,000. ವಿದ್ಯುತ್ತು, ಸಾಗಣೆ, ಚಿಲ್ಲರೆ ಖರ್ಚು ಸೇರಿ 5,000. ಒಟ್ಟು ತಿಂಗಳಿಗೆ 75,000. ನೂರು ರೂಪಾಯಿ ಮಾರಾಟದಲ್ಲಿ ಸಾಮಾನಿನ ಬೆಲೆ ಕಳೆದು 25 ಉಳಿಯುತ್ತದೆಂದು ಹಿಡಿದರೆ, ಈ ಖರ್ಚು ಹುಟ್ಟಬೇಕಾದರೇ ತಿಂಗಳಿಗೆ 3 ಲಕ್ಷದ, ಎಂದರೆ ದಿನಕ್ಕೆ 10,000 ರೂಪಾಯಿಯ ಮಾರಾಟವಾಗಬೇಕು. ಇದರಲ್ಲಿ ಮಾಲಕನಿಗೆ ಒಂದು ಕಾಸೂ ಇಲ್ಲ. ಅವನು ನೌಕರಿ ಬಿಟ್ಟು ತಾನೇ ಗಲ್ಲೆಯಲ್ಲಿ ಕೂಡುವುದಾದರೆ, ಬಿಟ್ಟ ಸಂಬಳವನ್ನೂ ಖರ್ಚಿನ ಬದಿಗೆ ಬರೆಯತಕ್ಕದ್ದು. ನಮ್ಮವರು ಮರೆಯುವುದು ಇದನ್ನೇ. ತನ್ನ ದುಡಿಮೆಗೆ ಬೆಲೆಯಿಲ್ಲವೆಂದು ಹಿಡಿದು ಲಾಭ ಕಾಣುವವನು ಲಾಭ ಕಾಣುತ್ತಿಲ್ಲ, ತನ್ನ ಕೂಲಿಯನ್ನೇ ಉಣ್ಣುತ್ತಿದ್ದಾನೆ.

ಇನ್ನು ಹೂಡಿಕೆ. ಹತ್ತು ಲಕ್ಷವಿದೆಯೆಂದುಕೊಳ್ಳೋಣ. ಠೇವಣಿಗೆ 2 ಲಕ್ಷ. ಕಪಾಟು, ದೀಪ, ರಾಕೆಟಿಗೆ ಗಟ್ಟಿಂಗ್ ಮಾಡುವ ಯಂತ್ರ ಇತ್ಯಾದಿಗೆ ಒಂದೂವರೆ ಲಕ್ಷ. ಮಾಲಿಗೆ 4 ಲಕ್ಷ. ಉಳಿದ ಎರಡೂವರೆ ಲಕ್ಷವನ್ನು ಮುಟ್ಟದೆ ಬ್ಯಾಂಕಿನಲ್ಲಿಡಬೇಕು. ಆ ಎರಡೂವರೆ ಲಕ್ಷ ಮೂರು ತಿಂಗಳ ಖರ್ಚಿಗಿಂತ ತುಸುವೇ ಹೆಚ್ಚು, ಅಷ್ಟೆ. ಅದನ್ನೂ ಮಾಲಿಗೆ ಹಾಕಿ ಅಂಗಡಿಯನ್ನು ತುಂಬಿಸಿಬಿಡೋಣವೆನ್ನುವ ಆತುರ ಎಲ್ಲರಿಗೂ ಬರುತ್ತದೆ. ತುಂಬಿದ ಕಪಾಟು ನೋಟಕ್ಕೆ ಚಂದ. ಜುಲೈ ತಿಂಗಳ ಬಾಡಿಗೆಯನ್ನು ಅದು ಕೊಡುವುದಿಲ್ಲ.

ಈ ಹತ್ತರಲ್ಲಿ ಠೇವಣಿ, ಕಪಾಟು, ಕಾದಿರಿಸಿದ ಹಣ, ಈ ಆರು ಲಕ್ಷವೂ ಸ್ವಂತದ್ದಾಗಿರಬೇಕು. ಸಾಲವೇನಿದ್ದರೂ ಮಾಲಿಗೆ ಮಾತ್ರ ಎಂಬುದು ನಮ್ಮ ಸಲಹೆ. ನಾಲ್ಕು ಲಕ್ಷವನ್ನು ನೂರಕ್ಕೆ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 8,900 ರೂಪಾಯಿ. ಅದನ್ನು ತುಂಬಲು ದಿನಕ್ಕೆ ಇನ್ನೂ 1,200 ರೂಪಾಯಿಯ ಮಾರಾಟ ಬೇಕು. ಕಷ್ಟ, ಆದರೆ ಅಸಾಧ್ಯವಲ್ಲ. ಇದೇ ಹಣವನ್ನು ದಿನವಸೂಲಿಯ ಸಾಹುಕಾರನಿಂದ ತಂದರೆ ಏನಾದೀತು? ಕೈಗೆ 90,000 ಕೊಟ್ಟು ದಿನಕ್ಕೆ ಸಾವಿರದಂತೆ ನೂರು ದಿನ ಎತ್ತುವ ಸಾಲದ ಬಡ್ಡಿ ವರ್ಷದ ಲೆಕ್ಕದಲ್ಲಿ ನೂರಕ್ಕೆ ಎಂಬತ್ತರ ಸಮೀಪ ಬರುತ್ತದೆ. ಹೋಟೇಲಿಗಾದರೆ ದಿನದ ಗಲ್ಲೆಯಿದೆ, ಹೇಗೋ ತಾಳಿಕೊಂಡೀತು. ಇಡೀ ದಿನದಲ್ಲಿ ಎರಡು ಚೆಂಡು, ಒಂದು ಶಟಲ್ ಡಬ್ಬಿ ಹೋದ ಮಳೆಗಾಲದ ಸಂಜೆ ಸಾವಿರ ರೂಪಾಯಿಗೆ ಕೈಯೊಡ್ಡಿ ನಿಂತವನಿಗೆ ಅಂಗಡಿಯವನು ಏನನ್ನು ಕೊಡಬೇಕು?

ಮನೆಬಾಗಿಲಿಗೆ ಬಂದು ದಿನದಿನವೂ ಹಣ ಎತ್ತುವ ಕ್ರಮವನ್ನು ನಮ್ಮ ಕರಾವಳಿಯೇ ದೇಶಕ್ಕೆ ತೋರಿಸಿಕೊಟ್ಟದ್ದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನು ಬಡವರ ಕೈಯಿಂದ ಪಡೆದು ಅವರ ಹೆಸರಿನಲ್ಲೇ ಕೂಡಿಸಿಟ್ಟಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಪಾಠ ಹೋಗಬೇಕಾಗಿಲ್ಲ. ಅಂಗಡಿ ತೆರೆಯಬೇಕೆನ್ನುವ ನಾಲ್ವರು ಸ್ನೇಹಿತರು ಮೊದಲು ಎರಡು ವರ್ಷ ದಿನಕ್ಕೆ ಇಂತಿಷ್ಟೆಂದು ಕೂಡಿಸಿ ತೋರಿಸಲಿ. ಹಾಗೆ ಕೂಡಿಸಲಾರದವರು ಮುಂದೆ ಕಂತು ಕಟ್ಟುವುದೂ ಅಷ್ಟರಲ್ಲೇ ಇದೆ.

ಸಾಲಕ್ಕೆ ಮನೆಯೊಡತಿಯ ಕರಿಮಣಿಯನ್ನೋ ಊರಿನ ಗದ್ದೆಯನ್ನೋ ಅಡವಿಡಬೇಕೆಂದೇನೂ ಇಲ್ಲ. ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ಮುದ್ರಾ ಯೋಜನೆಯಲ್ಲಿ ಅಡವಿಲ್ಲದೆ ಸಾಲ ದೊರೆಯುತ್ತದೆ: ಶಿಶು ಎಂಬ ಹೆಸರಿನಲ್ಲಿ 50,000 ರೂಪಾಯಿಯವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ ಈ ಮಿತಿಯನ್ನು 20 ಲಕ್ಷಕ್ಕೆ ಏರಿಸಲಾಗಿದೆ. ಬ್ಯಾಂಕಿನವರು ಯೋಜನೆಯ ವಿವರವನ್ನೂ ಕಾಗದಪತ್ರಗಳನ್ನೂ ಕೇಳುತ್ತಾರೆ, ಅಲೆದಾಡಿಸುತ್ತಾರೆ ಎಂಬ ದೂರು ನಮ್ಮ ಕಿವಿಗೂ ಬಿದ್ದಿದೆ. ಅಲೆದಾಟ ಹಿತವಲ್ಲ, ನಿಜ. ಆದರೆ ಏನನ್ನೂ ಕೇಳದೆ ಕೊಡುವವನಿಗಿಂತ ಕೇಳಿ ಕೊಡುವವನೇ ಮೇಲು.

ಪಾಲುದಾರಿಕೆಯ ವಿಷಯದಲ್ಲಿ ನಮ್ಮವರ ಉದಾಸೀನ ಅಚ್ಚರಿ ಹುಟ್ಟಿಸುವಂಥದು. ‘ಒಂದೇ ಊರಿನವರು, ನಮ್ಮೊಳಗೆ ಕಾಗದವೇಕೆ?’ ಎಂಬ ಮಾತಿನಲ್ಲಿ ಸ್ನೇಹವಿದೆ, ವಿವೇಕವಿಲ್ಲ. 1932ರ ಪಾಲುದಾರಿಕೆಯ ಕಾಯಿದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ಪಾಲುದಾರರೆಲ್ಲರಿಗೂ ಲಾಭ ಸಮಪಾಲು. ಅಂಗಡಿಯಲ್ಲಿ ದುಡಿದವನಿಗೆ ದುಡಿದುದಕ್ಕಾಗಿ ಸಂಬಳ ಕೇಳುವ ಹಕ್ಕಿಲ್ಲ. ಹಣ ಹಾಕಿ ಕಚೇರಿಗೆ ಹೋದ ಮೂವರೂ, ಬೆಳಗಿನಿಂದ ರಾತ್ರಿಯವರೆಗೆ ನಿಂತ ನಾಲ್ಕನೆಯವನೂ ಕಾಯಿದೆಯ ಕಣ್ಣಿಗೆ ಒಂದೇ. ಸಂಸ್ಥೆಯನ್ನು ನೋಂದಾಯಿಸದಿದ್ದರೆ ಪಾಲುದಾರನು ತನ್ನ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲಾರನು. ಸಾಲದ ಮಟ್ಟಿಗಾದರೋ ಪ್ರತಿಯೊಬ್ಬನೂ ಇಡೀ ಮೊತ್ತಕ್ಕೆ ಹೊಣೆ. ಐವತ್ತು ಸಾವಿರ ಹಾಕಿದ ಗುಮಾಸ್ತನ ಮನೆಯೂ ಅದಕ್ಕೆ ಸಿಕ್ಕಿಬೀಳಬಹುದು. ಹೊಣೆಯನ್ನು ಹಾಕಿದ ಹಣಕ್ಕೆ ಸೀಮಿತಗೊಳಿಸಬೇಕೆನ್ನುವವರಿಗೆ 2008ರ ಕಾಯಿದೆಯ ಸೀಮಿತ ಹೊಣೆಯ ಪಾಲುದಾರಿಕೆಯಿದೆ. ದುಡಿಯುವ ಪಾಲುದಾರನ ಸಂಬಳವನ್ನು ಕರಾರುಪತ್ರದಲ್ಲಿ ಬರೆಯದೆ ಅಂಗಡಿಯ ಬಾಗಿಲು ತೆರೆಯಲೇಕೂಡದು.

ಇಲ್ಲಿಗೆ ಎರಡನೆಯ ಪ್ರಶ್ನೆ ಬಂತು: ನಿಲ್ಲುವವರು ಯಾರು? ಎಂಟೂಕಾಲರ ಲೋಕಲಿಗೆ ಡೊಂಬಿವಲಿಯಲ್ಲಿ ಹತ್ತಿ ಕೋಟೆಯ ಕಚೇರಿಗೆ ಹೋಗಿ ರಾತ್ರಿ ಎಂಟಕ್ಕೆ ಮರಳುವವನು ಮಾಲಕನೆನಿಸಬಹುದು, ಅಂಗಡಿಕಾರನಾಗಲಾರ. ಹೋಟೇಲಿನ ಪಾಳಿಯವನ ಸ್ಥಿತಿಯೂ ಅದೇ. ಹಾಗಾಗಿ ನಿಜಕ್ಕೂ ಅಂಗಡಿ ನಡೆಸುವವನು ಸಂಬಳದ ನೌಕರ. ಅವನನ್ನು ಆರಿಸುವುದರಲ್ಲೇ ಅಂಗಡಿಯ ಭವಿಷ್ಯವಿದೆ. ನಾವು ಕೊನೆಗೆ ಯೋಚಿಸುವುದೂ ಅವನನ್ನೇ.

ಊರಿನಿಂದ ಸೋದರಳಿಯನನ್ನೋ ನೆರೆಮನೆಯ ಹುಡುಗನನ್ನೋ ಕರೆಸಿ, ಅಂಗಡಿಯ ಮಾಳಿಗೆಯಲ್ಲಿ ಮಲಗಿಸಿ, ‘ಮುಂದೆ ನೋಡೋಣ’ ಎಂದು ವರ್ಷಗಟ್ಟಲೆ ದುಡಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಆ ‘ಮುಂದೆ’ ಎಂಬುದು ಎಷ್ಟು ಜನರಿಗೆ ಬಂತು, ಎಷ್ಟು ಜನರಿಗೆ ಬರಲಿಲ್ಲ ಎಂಬುದನ್ನು ಈ ಪತ್ರಿಕೆಯನ್ನು ಓದುವ ಹೋಟೇಲು ಕಾರ್ಮಿಕರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಒಬ್ಬನೇ ನೌಕರನಿದ್ದರೂ ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನ ಕೊಡಲೇಬೇಕು. ಬಂಧುತ್ವದ ಹೆಸರಿನಲ್ಲಿ ಅದಕ್ಕೆ ರಿಯಾಯಿತಿಯಿಲ್ಲ. ನ್ಯಾಯದ ಮಾತನ್ನು ಬದಿಗಿಟ್ಟು ಬರಿಯ ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಇದು ನಷ್ಟದ ದಾರಿಯೇ. ಇಡ್ಲಿ ತಂದಿಡುವವನಿಗೆ ಇಡ್ಲಿಯ ಶಾಸ್ತ್ರ ಗೊತ್ತಿರಬೇಕಾಗಿಲ್ಲ. ಹನ್ನೆರಡು ವರ್ಷದ ಹುಡುಗನ ಎತ್ತರ ನೋಡಿ ಬ್ಯಾಟಿನ ಅಳತೆ ಹೇಳುವುದು, ಹೊಸ ಬ್ಯಾಟನ್ನು ಮರದ ಸುತ್ತಿಗೆಯಿಂದ ಬಡಿದು ಹದಗೊಳಿಸುವುದು, ಆಟಗಾರನ ಕೈಗೆ ತಕ್ಕ ಬಿಗಿಯಲ್ಲಿ ರಾಕೆಟಿಗೆ ಗಟ್ಟಿಂಗ್ ಮಾಡುವುದು, ಇವು ಕಲಿತವನ ಕೆಲಸಗಳು. ಮೈದಾನದಲ್ಲಿ ಆಡಿದ, ತರಬೇತುದಾರರ ಪರಿಚಯವಿರುವ, ಮರಾಠಿ ಚೆನ್ನಾಗಿ ಬಲ್ಲ ಸ್ಥಳೀಯ ಯುವಕ ನಮ್ಮ ಭಾಷೆಯವನಲ್ಲದಿದ್ದರೇನಂತೆ? ಅಂಗಡಿ ನಮ್ಮದಾದರೂ ಗಿರಾಕಿಗಳು ಎಲ್ಲರೂ ತಾನೆ! ನಮ್ಮ ಹುಡುಗನೇ ಬೇಕೆಂದರೆ, ಇಲ್ಲಿಯೇ ಹುಟ್ಟಿ ಬೆಳೆದು ಕಾಲೇಜಿನ ತಂಡದಲ್ಲಿ ಆಡಿದ ನಮ್ಮ ಮಕ್ಕಳಿದ್ದಾರೆ, ಹುಡುಗಿಯರೂ ಇದ್ದಾರೆ. ಮಗಳಿಗೆ ಬೂಟು ಕೊಳ್ಳಲು ಬಂದ ತಾಯಿಗೆ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳಿದ್ದರೆ ಎಷ್ಟೋ ಅನುಕೂಲ.

ಅಂಥವನಿಗೆ ಸಂಬಳದ ಮೇಲೆ ಲಾಭದಲ್ಲೊಂದು ಅಂಶವನ್ನೂ ಕೊಡಬಹುದು. ಲಾಭದ ಅಂಶ ಪಡೆದ ಮಾತ್ರಕ್ಕೆ ನೌಕರನು ಪಾಲುದಾರನಾಗಿಬಿಡುವುದಿಲ್ಲವೆಂದು ಅದೇ ಕಾಯಿದೆ ಹೇಳುತ್ತದೆ; ಮಾಲಕರು ಅಂಜಬೇಕಾಗಿಲ್ಲ. ಇಲ್ಲವಾದರೆ ಕೆಲಸ ಕಲಿತು ಗಿರಾಕಿಗಳನ್ನು ಕಟ್ಟಿಕೊಂಡ ಮೇಲೆ ಅವನು ಎದುರಿನ ಗಾಳೆಯಲ್ಲೇ ತನ್ನ ಅಂಗಡಿ ತೆರೆದಾನು. ಹಾಗೆ ತೆರೆದರೆ ತಪ್ಪು ಅವನದೆಂದೂ ನಾವು ಹೇಳಲಾರೆವು.

ಸ್ಪರ್ಧೆಯ ವಿಷಯ ಹೆಚ್ಚಿಗೆ ಹೇಳುವ ಅಗತ್ಯವಿಲ್ಲ. ಡೆಕಾಥ್ಲಾನಿನಂಥ ದೊಡ್ಡ ಮಳಿಗೆ ಥಾಣೆಗೇ ಬಂದಿದೆ, ಮನೆಯಲ್ಲಿ ಕುಳಿತು ಫೋನಿನಲ್ಲಿ ತರಿಸುವ ಸೌಕರ್ಯ ಎಲ್ಲರಿಗೂ ಇದೆ, ಅಗ್ಗದ ಸಗಟು ಬೇಕೆನ್ನುವವರು ಇಂದಿಗೂ ಧೋಬಿತಲಾವಿಗೆ ಹೋಗುತ್ತಾರೆ. ಬೆಲೆಯಲ್ಲಿ ಇವರೊಡನೆ ಸೆಣಸುವುದು ಸಣ್ಣ ಅಂಗಡಿಗೆ ಸಾಧ್ಯವಿಲ್ಲ. ಶನಿವಾರ ರಾತ್ರಿ ತುಂಡಾದ ರಾಕೆಟಿನ ತಂತಿಯನ್ನು ರವಿವಾರ ಬೆಳಗಿನ ಆಟಕ್ಕೆ ಮೊದಲು ಕಟ್ಟಿಕೊಡುವುದರಲ್ಲಿ ಸಾಧ್ಯವಿದೆ. ಅದಕ್ಕೂ ಬೇಕಾದವನು ಆ ಕೆಲಸ ಬಲ್ಲ ನೌಕರನೇ. ಶಾಲೆ, ಸಂಘಗಳ ಸಗಟು ಬೇಡಿಕೆ ಆಕರ್ಷಕವಾದರೂ ಹಣ ತಡವಾಗಿ ಬರುತ್ತದೆ. ನಮ್ಮ ಜಾತಿ ಸಂಘಗಳ ಕ್ರೀಡಾಕೂಟಕ್ಕೆ ಸಾಲದ ಮೇಲೆ ಕಪ್ಪು, ಟೀ ಶರ್ಟು ಕೊಟ್ಟು, ಪದಾಧಿಕಾರಿಗಳು ಬದಲಾದ ಮೇಲೆ ಹಣ ಕೇಳಲು ಸಂಕೋಚಪಡುವ ಪ್ರಸಂಗ ಯಾರಿಗೂ ಬಾರದಿರಲಿ!

ಕಾನೂನಿನ ಕೆಲವು ವಿವರಗಳು. ಬಾಡಿಗೆಯ ಲೀವ್ ಎಂಡ್ ಲೈಸೆನ್ಸ್ ಕರಾರನ್ನು ಮಹಾರಾಷ್ಟ್ರದಲ್ಲಿ ನೋಂದಾಯಿಸಲೇಬೇಕು. ಕಪಾಟಿಗೆ ಹಣ ಹಾಕುವವರು ಹನ್ನೊಂದು ತಿಂಗಳ ಕರಾರಿಗೆ ಒಪ್ಪದೆ ಮೂರು ವರ್ಷವನ್ನಾದರೂ ಕೇಳಬೇಕು. ಅಂಗಡಿಯ ಫಲಕ ದೇವನಾಗರಿ ಲಿಪಿಯ ಮರಾಠಿಯಲ್ಲಿರಬೇಕೆಂಬ ನಿಯಮ 2022ರಿಂದ ಹತ್ತಕ್ಕಿಂತ ಕಡಮೆ ನೌಕರರಿರುವ ಸಣ್ಣ ಅಂಗಡಿಗಳಿಗೂ ಅನ್ವಯಿಸುತ್ತದೆ. ವಾರ್ಷಿಕ ಮಾರಾಟ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನಾವು ಮೇಲೆ ಕೊಟ್ಟ ಉದಾಹರಣೆಯ ಅಂಗಡಿ 36 ಲಕ್ಷದಲ್ಲಿ ಆ ಗಡಿಯ ಹತ್ತಿರವೇ ನಿಂತಿದೆ. ಆಟದ ಸಾಮಾನಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿದಿರುವುದು ಸಮಾಧಾನದ ಸಂಗತಿ.

ಕೊನೆಯದಾಗಿ, ತೆರೆಯುವ ಕಾಲ. ಅಕ್ಷಯ ತೃತೀಯೆ ಒಳ್ಳೆಯ ದಿನವೆಂದು ಮೇ ತಿಂಗಳಲ್ಲಿ ಪೂಜೆ ಮಾಡಿ ಬಾಗಿಲು ತೆರೆದರೆ, ಮೂರು ನಾಲ್ಕು ವಾರಗಳಲ್ಲೇ ಮಳೆ ಬಂದು ಮೈದಾನಗಳು ಕೆರೆಗಳಾಗುತ್ತವೆ. ಕಾದಿರಿಸಿದ ಹಣವೆಲ್ಲ ಗಿರಾಕಿಯನ್ನು ಕಾಣುವ ಮೊದಲೇ ಬಾಡಿಗೆಗೆ ಹೋಗುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಕರಾರುಪತ್ರ, ಬ್ಯಾಂಕು, ನೌಕರನ ಹುಡುಕಾಟ ಇವನ್ನು ಮುಗಿಸಿ, ಗಣೇಶ ಚತುರ್ಥಿ ಕಳೆದ ಮೇಲೆ ಮಾಲು ತರಿಸಿ, ನವರಾತ್ರಿಯಲ್ಲಿ ಅಂಗಡಿ ತೆರೆದವನಿಗೆ ಮುಂದೆ ಏಳು ತಿಂಗಳ ಒಣ ಮೈದಾನವಿರುತ್ತದೆ.