ಐರನ್ ಮ್ಯಾನ್‌ಗೆ ಹೊಸ ಧಣಿ: ಭದ್ರಾವತಿಗೆ ಗೊತ್ತಿರುವ ಪಾಠ

ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಸಂಸ್ಥೆಯನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಡಿಸ್ನಿ 2009ರ ಆಗಸ್ಟ್ 31ರಂದು ಘೋಷಿಸಿದಾಗ ಅನೇಕ ಅಭಿಮಾನಿಗಳು ಹೌಹಾರಿದ್ದರು. ಮಿಕ್ಕಿ ಮೌಸ್ ಮನೆಗೆ ಹೋದ ವುಲ್ವರಿನ್‌ನ ಉಗುರು ಕತ್ತರಿಸಿಬಿಡ್ತಾರೆ ಅನ್ನೋ ಭಯ. ಆದದ್ದೇ ಬೇರೆ. ಹೊಸ ಮಾಲೀಕರು ದುಡ್ಡು ಸುರಿದರು. 2019ರ 'ಎಂಡ್‌ಗೇಮ್' ಸಿನಿಮಾ 270 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಶಿವಮೊಗ್ಗದಲ್ಲಿ ಐರನ್ ಮ್ಯಾನ್ ಟೀ ಶರ್ಟ್ ತೊಟ್ಟು ಓಡಾಡುವ ಹುಡುಗರಿಗೆ ನಾನು ಹೇಳೋದು ಇಷ್ಟೇ: ಪಕ್ಕದ ಭದ್ರಾವತಿ ನೋಡಿ. ಅಲ್ಲಿನ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ 1998ರಲ್ಲಿ ಸೇಲ್ ಜೊತೆ ವಿಲೀನವಾಯಿತು. ಸ್ವಂತ ಗಣಿಯ ಅದಿರಿಲ್ಲದೆ, ಬೇಕಾದಷ್ಟು ಬಂಡವಾಳ ಬಾರದೆ ಸೊರಗಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವೇ ಹೊರಬಿತ್ತು.

ಧಣಿ ಕೈ ಹಾಕಿದರೆ ಜಗಳವಾಡಬಹುದು. ಕೈ ಬಿಟ್ಟರೆ ಯಾರ ಜೊತೆ ಜಗಳ ಆಡೋದು?