ಸಂಬಳದ ಮಿತಿಗೆ ಛಾವಣಿಯೂ ಬೇಕು, ನೆಲವೂ ಬೇಕು

ಮೈದಾನದಲ್ಲಿ ಗೆದ್ದ ತಂಡ ಕಚೇರಿಯ ಲೆಕ್ಕಪುಸ್ತಕದ ಮುಂದೆ ಸೋಲುವುದುಂಟು. ಅಮೆರಿಕ ಹಾಗೂ ಕೆನಡದ 32 ತಂಡಗಳು ಸೆಣಸುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಪ್ರತಿ ಬೇಸಗೆಯಲ್ಲೂ ಕಾಣಸಿಗುವ ಸಂಗತಿಯಿದು. ಅದು ಮಂಜುಗಡ್ಡೆಯ ಮೇಲಿನ ಹಾಕಿ. ಭಾರತದ ಹಾಕಿಗೂ ಅದಕ್ಕೂ ಕೋಲು ಹಾಗೂ ಹೆಸರಿನ ಹೊರತು ಹೆಚ್ಚಿನ ಸಂಬಂಧವಿಲ್ಲ. ಆದರೆ ಜೂನ್‌ನಲ್ಲಿ ಸ್ಟಾನ್ಲಿ ಕಪ್ ಫೈನಲ್ ಮುಗಿದು ಅಕ್ಟೋಬರ್‌ನಲ್ಲಿ ಹೊಸ ಋತು ಆರಂಭವಾಗುವ ತನಕದ ಬಿಡುವಿನಲ್ಲಿ ಅಲ್ಲಿನ ತಂಡಗಳು ಹಣ ಮತ್ತು ಆಟಗಾರರನ್ನು ಹೊಂದಿಸುವ ರೀತಿ ಭಾರತೀಯ ಹಾಕಿಯ ಹಿತಚಿಂತಕರು ಗಮನಿಸಬೇಕಾದುದು. ವಾರ್ಷಿಕ ಮಹಾಸಭೆಗೆ ಮುನ್ನ ಆಯವ್ಯಯ ಪತ್ರ ಹೊಂದಿಸಿ ಬೆವರಿದ ಸಂಘ ಸಂಸ್ಥೆಗಳ ಕೋಶಾಧಿಕಾರಿಗಳಿಗಂತೂ ಇದರ ಕಷ್ಟ ಬೇಗನೆ ಅರ್ಥವಾದೀತು.

ಈ ವ್ಯವಸ್ಥೆ ಸುಲಭವಾಗಿ ಬಂದುದಲ್ಲ. ಸಂಬಳಕ್ಕೆ ಮಿತಿ ಬೇಕೆಂದು ಮಾಲೀಕರು, ಕೂಡದೆಂದು ಆಟಗಾರರ ಸಂಘ ಹಟ ಹಿಡಿದ ಪರಿಣಾಮ 2004-05ರ ಇಡೀ ಋತುವೇ ರದ್ದಾಯಿತು. ಕೊನೆಗೆ ಆಟಗಾರರು ಚಾಲ್ತಿಯಲ್ಲಿದ್ದ ಕರಾರುಗಳ ಸಂಬಳದಲ್ಲಿ ಶೇ. 24ರಷ್ಟು ಕಡಿತ ಒಪ್ಪಿಕೊಂಡರು. 2005-06ರಲ್ಲಿ ಪ್ರತಿ ತಂಡಕ್ಕೆ 3.9 ಕೋಟಿ ಡಾಲರ್‌ಗಳ ಮಿತಿ ಜಾರಿಗೆ ಬಂತು. ಆದರೆ ಆಟಗಾರರು ಬರಿಗೈಯಲ್ಲಿ ಎದ್ದು ಬರಲಿಲ್ಲ. ಲೀಗ್‌ನ ಆದಾಯದಲ್ಲಿ ನಿಶ್ಚಿತ ಪಾಲು, ಪ್ರತಿ ತಂಡ ಖರ್ಚು ಮಾಡಲೇಬೇಕಾದ ಕನಿಷ್ಠ ಮೊತ್ತ, ಪ್ರತಿ ಆಟಗಾರನಿಗೆ ಕನಿಷ್ಠ ಸಂಬಳ ಇವೆಲ್ಲವನ್ನೂ ಕರಾರಿನಲ್ಲಿ ಬರೆಸಿಕೊಂಡರು. 2013ರ ಒಪ್ಪಂದದ ಬಳಿಕ ಆದಾಯ ಅರ್ಧಕ್ಕರ್ಧ ಹಂಚಿಕೆಯಾಗುತ್ತಿದೆ. 2025-26ರ ಋತುವಿಗೆ ಗರಿಷ್ಠ ಮಿತಿ 9.55 ಕೋಟಿ ಡಾಲರ್, ಕನಿಷ್ಠ ಮಿತಿ 7.06 ಕೋಟಿ ಡಾಲರ್, ಒಬ್ಬ ಆಟಗಾರನ ಕನಿಷ್ಠ ಸಂಬಳ 7.75 ಲಕ್ಷ ಡಾಲರ್ ಎಂದು ನಿಗದಿಯಾಯಿತು. ಎಷ್ಟೇ ದೊಡ್ಡ ತಾರೆಯಾದರೂ ತಂಡದ ಮಿತಿಯ ಶೇ. 20ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಬಿಡುವಿನ ತಿಂಗಳುಗಳಲ್ಲಿ ತಂಡದ ಜನರಲ್ ಮ್ಯಾನೇಜರ್‌ಗೆ ನಿದ್ದೆಯಿಲ್ಲ. ಬೇಸಗೆಯಲ್ಲಿ ಗರಿಷ್ಠ ಮಿತಿಯನ್ನು ಶೇ. 10ರಷ್ಟು ಮೀರಲು ಅವಕಾಶವಿದೆಯಾದರೂ ಮೊದಲ ಪಂದ್ಯದ ಹೊತ್ತಿಗೆ ಲೆಕ್ಕ ಸರಿಹೋಗಲೇಬೇಕು. ಆಟಕ್ಕಿಳಿಸಲು 23 ಮಂದಿಯ ಪಟ್ಟಿ, ಒಟ್ಟಾರೆ 50 ಕರಾರುಗಳು, ಅದರಾಚೆಗೆ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಕರಾರು ಮುಗಿದು 27 ವರ್ಷ ತುಂಬಿದವನು ಅಥವಾ ಏಳು ಋತು ಆಡಿದವನು ಜುಲೈ 1ರಂದು ಸ್ವತಂತ್ರ. ತನಗೆ ಬೇಕಾದ ತಂಡವನ್ನು ಆತ ಸೇರಬಹುದು. ಅದಕ್ಕಿಂತ ಕಿರಿಯರ ಮೇಲೆ ಹಳೆಯ ತಂಡಕ್ಕೆ ಹಕ್ಕು ಉಳಿಯುತ್ತದೆ. ಆದರೆ ಗಡುವಿನೊಳಗೆ ಲಿಖಿತ ಪ್ರಸ್ತಾಪ ಕಳುಹಿಸಿದರೆ ಮಾತ್ರ. ಸಂಬಳ ಸಾಲದು ಎನ್ನುವ ಅರ್ಹ ಆಟಗಾರ ಪಂಚಾಯ್ತಿದಾರರ ಮುಂದೆ ಹೋಗಬಹುದು. ಇಂತಹ ಹತ್ತಾರು ದಿನಾಂಕಗಳಲ್ಲಿ ಒಂದನ್ನು ಮರೆತರೂ ತಂಡ ಬಡವಾಗುತ್ತದೆ.

ಚಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಇದಕ್ಕೆ ಉತ್ತಮ ನಿದರ್ಶನ. 2009ರ ಬೇಸಗೆಯಲ್ಲಿ ಹಲವು ಕಿರಿಯ ಆಟಗಾರರಿಗೆ ಕಳುಹಿಸಬೇಕಿದ್ದ ಪ್ರಸ್ತಾಪ ಪತ್ರಗಳು ಗಡುವಿನೊಳಗೆ ತಲಪಲಿಲ್ಲ. ಆ ಆಟಗಾರರನ್ನು ಉಳಿಸಿಕೊಳ್ಳಲು ತಂಡ ತರಾತುರಿಯಲ್ಲಿ ದುಬಾರಿ ಕರಾರು ಮಾಡಿಕೊಳ್ಳಬೇಕಾಯಿತು. ಕೆಲವೇ ದಿನಗಳಲ್ಲಿ ಜನರಲ್ ಮ್ಯಾನೇಜರ್ ಡೇಲ್ ಟ್ಯಾಲನ್ ಆ ಹುದ್ದೆಯಿಂದ ಸರಿಯಬೇಕಾಗಿ ಬಂತು. 2010ರ ಜೂನ್‌ನಲ್ಲಿ ಅದೇ ತಂಡ 1961ರ ಬಳಿಕ ಮೊದಲ ಬಾರಿಗೆ ಸ್ಟಾನ್ಲಿ ಕಪ್ ಗೆದ್ದಿತು. ಆದರೆ ಮುಂದಿನ ಋತುವಿನ ಮಿತಿ 5.94 ಕೋಟಿ ಡಾಲರ್ ಮಾತ್ರ. ಗೆಲುವಿನ ಸಂಭ್ರಮ ಆರುವ ಮೊದಲೇ ಡಸ್ಟಿನ್ ಬಫ್ಲಿನ್, ಕ್ರಿಸ್ ವರ್ಸ್ಟೀಗ್, ಆಂಡ್ರ್ಯೂ ಲ್ಯಾಡ್ ಬೇರೆ ತಂಡಗಳ ಪಾಲಾದರು. ಗೋಲ್‌ಕೀಪರ್ ಆಂಟಿ ನಿಯೆಮಿಗೆ ಪಂಚಾಯ್ತಿದಾರರು ಗೊತ್ತುಪಡಿಸಿದ 27.5 ಲಕ್ಷ ಡಾಲರ್ ನೀಡಲಾಗದೆ, ಕಪ್ ಗೆಲ್ಲಿಸಿದ ಕೈಯನ್ನೇ ತಂಡ ಬಿಟ್ಟುಕೊಟ್ಟಿತು.

ಮರುವರ್ಷ ಚಿಕಾಗೊ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆದರೆ ಜೊನಾಥನ್ ಟೇವ್ಸ್, ಪ್ಯಾಟ್ರಿಕ್ ಕೇನ್, ಡಂಕನ್ ಕೀತ್ ಅವರಂತಹ ಆಧಾರಸ್ತಂಭಗಳನ್ನು ಉಳಿಸಿಕೊಂಡ ಕಾರಣ 2013 ಹಾಗೂ 2015ರಲ್ಲಿ ಮತ್ತೆ ಕಪ್ ಗೆದ್ದಿತು. ಎಲ್ಲರನ್ನೂ ಉಳಿಸಿಕೊಳ್ಳುವ ಆಸೆಯಲ್ಲಿ ಎಲ್ಲರನ್ನೂ ಕಳೆದುಕೊಳ್ಳುವುದಕ್ಕಿಂತ ಯಾರನ್ನು ಬಿಡಬೇಕೆಂಬುದನ್ನು ಸಕಾಲದಲ್ಲಿ ತೀರ್ಮಾನಿಸುವುದೇ ಜಾಣತನ ಎಂಬುದು ಇದರಿಂದ ಸ್ಪಷ್ಟ.

ಹಾಸಿಗೆಗಿಂತ ಕಾಲು ಉದ್ದ ಚಾಚಿದರೆ ಏನಾಗುತ್ತದೆ ಎಂಬುದಕ್ಕೆ ಮಿನೆಸೋಟ ವೈಲ್ಡ್ ಸಾಕ್ಷಿ. 2012ರ ಜುಲೈ 4ರಂದು ಝ್ಯಾಕ್ ಪರೀಸೆ ಮತ್ತು ರಯಾನ್ ಸೂಟರ್ ಅವರೊಂದಿಗೆ ಆ ತಂಡ ತಲಾ 13 ವರ್ಷ, 9.8 ಕೋಟಿ ಡಾಲರ್‌ಗಳ ಕರಾರು ಮಾಡಿಕೊಂಡಿತು. ವಯಸ್ಸಾದ ಇಬ್ಬರನ್ನೂ 2021ರಲ್ಲಿ ಪರಿಹಾರ ಕೊಟ್ಟು ಬಿಡುಗಡೆ ಮಾಡಬೇಕಾಯಿತು. ಅವರು ಮಿನೆಸೋಟ ಪರ ಕೋಲು ಹಿಡಿಯದಿದ್ದರೂ 2023-24 ಮತ್ತು 2024-25ರಲ್ಲಿ ಪ್ರತಿ ವರ್ಷ 1.47 ಕೋಟಿ ಡಾಲರ್ ತಂಡದ ಮಿತಿಯೊಳಗೆ ಸತ್ತ ಹಣವಾಗಿ ಕುಳಿತಿತ್ತು. ಅಷ್ಟು ಮೊತ್ತದಲ್ಲಿ ಮೂರು ನಾಲ್ಕು ಒಳ್ಳೆಯ ಆಟಗಾರರನ್ನು ಸಾಕಬಹುದಿತ್ತು.

ಬಿಡುವಿನಲ್ಲಿ ಕೈಯಲ್ಲಿ ಸ್ವಲ್ಪ ಹಣ ಮಿಗಿಸಿಕೊಳ್ಳದವರ ಪಾಡೂ ಸುಖಕರವಲ್ಲ. 2024ರ ಫೈನಲ್‌ನಲ್ಲಿ ಏಳನೇ ಪಂದ್ಯದವರೆಗೆ ಹೋರಾಡಿ ಸೋತ ಎಡ್ಮಂಟನ್ ಆಯಿಲರ್ಸ್, ಜುಲೈಯಲ್ಲಿ ಹಿರಿಯ ಆಟಗಾರರನ್ನು ಸೇರಿಸಿಕೊಂಡು ಮಿತಿಯ ಅಂಚಿಗೆ ಬಂದು ನಿಂತಿತು. ಇದನ್ನೇ ಕಾದು ಕುಳಿತಿದ್ದ ಸೇಂಟ್ ಲೂಯಿಸ್ ಬ್ಲೂಸ್ ಆಗಸ್ಟ್‌ನಲ್ಲಿ ಎಡ್ಮಂಟನ್‌ನ ಕಿರಿಯ ಆಟಗಾರರಾದ ಫಿಲಿಪ್ ಬ್ರೋಬರ್ಗ್ ಮತ್ತು ಡಿಲನ್ ಹಾಲೊವೆಗೆ ವರ್ಷಕ್ಕೆ ಅನುಕ್ರಮವಾಗಿ 45.8 ಲಕ್ಷ ಮತ್ತು 22.9 ಲಕ್ಷ ಡಾಲರ್‌ಗಳ ಪ್ರಸ್ತಾಪ ಮುಂದಿಟ್ಟಿತು. ಅಷ್ಟೇ ಹಣ ಕೊಟ್ಟು ಉಳಿಸಿಕೊಳ್ಳಲು ಹಳೆಯ ತಂಡಕ್ಕೆ ಏಳು ದಿನಗಳ ಕಾಲಾವಕಾಶ. ಎಡ್ಮಂಟನ್‌ಗೆ ಅದು ಸಾಧ್ಯವಾಗಲಿಲ್ಲ. ಒಂದೇ ವಾರದಲ್ಲಿ ಇಬ್ಬರು ಭರವಸೆಯ ಆಟಗಾರರು ಕೈತಪ್ಪಿದರು.

ಇಂತಹ ಮಿತಿ ಮಾಲೀಕರ ಜೇಬು ತುಂಬಿಸುವ ಉಪಾಯವಷ್ಟೇ ಎಂಬ ಟೀಕೆಯಿದೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಪ್ರೇಕ್ಷಕರು ಬರುವುದೇ ತಾರೆಯರನ್ನು ನೋಡಲು. ಅವರ ಬೆಲೆಗೆ ಬೇಲಿ ಹಾಕಿದರೆ ಉಳಿದ ಲಾಭ ಯಾರಿಗೆ ಸೇರುತ್ತದೆ? ನಿಯಮದ ಸಂದುಗಳಲ್ಲಿ ನುಸುಳುವವರೂ ಇದ್ದಾರೆ. 2020-21ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ನಿಕಿತಾ ಕುಚೆರೋವ್ ಲೀಗ್ ಹಂತ ಪೂರ್ತಿ ಆಡಲಿಲ್ಲ. ಗಾಯಾಳುವಿನ ಸಂಬಳದ ಲೆಕ್ಕದಲ್ಲಿ ಟ್ಯಾಂಪಾ ಬೇ ತಂಡ ಮಿತಿ ಮೀರಿ ಇತರರನ್ನು ಇಟ್ಟುಕೊಂಡಿತು. ಆಗ ಪ್ಲೇಆಫ್ ಪಂದ್ಯಗಳಿಗೆ ಮಿತಿ ಇರಲಿಲ್ಲ. ಪ್ಲೇಆಫ್ ಹೊತ್ತಿಗೆ ಕುಚೆರೋವ್ ಮರಳಿದರು, ತಂಡ ಕಪ್ ಗೆದ್ದಿತು. ಎಲ್ಲವೂ ನಿಯಮಬದ್ಧವೇ ಆಗಿತ್ತು. ಈ ಸಂದನ್ನು ಮುಚ್ಚಲು 2025-26ರ ಋತುವಿನಿಂದ ಪ್ಲೇಆಫ್ ಪಂದ್ಯಗಳಿಗೂ ಮಿತಿ ಅನ್ವಯಿಸಲಾಯಿತು.

ಮಿತಿಯೊಳಗೂ ಆಟಗಾರನ ಆಯ್ಕೆಗೆ ಜಾಗವಿದೆ ಎಂಬುದನ್ನು 2025 ತೋರಿಸಿಕೊಟ್ಟಿತು. ಸತ್ತ ಹಣದ ಹೊರೆ ಇಳಿದ ಮಿನೆಸೋಟ ಸೆಪ್ಟೆಂಬರ್ ಕೊನೆಯಲ್ಲಿ ಕಿರಿಲ್ ಕಪ್ರಿಜೋವ್ ಅವರಿಗೆ ಎಂಟು ವರ್ಷಕ್ಕೆ 13.6 ಕೋಟಿ ಡಾಲರ್ ನೀಡಲು ಒಪ್ಪಿತು. ಅದಾದ ಕೆಲವೇ ದಿನಗಳಲ್ಲಿ ಎಡ್ಮಂಟನ್ ನಾಯಕ ಕಾನರ್ ಮೆಕ್‌ಡೇವಿಡ್ ತಮ್ಮ ಹಳೆಯ ದರದಲ್ಲೇ, ವರ್ಷಕ್ಕೆ 1.25 ಕೋಟಿ ಡಾಲರ್‌ನಂತೆ, ಇನ್ನೆರಡು ವರ್ಷಕ್ಕೆ ಸಹಿ ಹಾಕಿದರು. ಬೇಕಿದ್ದರೆ ಅದಕ್ಕಿಂತ ಬಹಳಷ್ಟು ಹೆಚ್ಚು ಕೇಳಬಹುದಾಗಿದ್ದ ಆಟಗಾರ ಅವರು. ಒಬ್ಬರು ತಮ್ಮ ಬೆಲೆ ಪಡೆದರು, ಇನ್ನೊಬ್ಬರು ಜತೆಯ ಆಟಗಾರರಿಗೆ ಜಾಗ ಬಿಟ್ಟರು. ಇಬ್ಬರನ್ನೂ ದೂರುವಂತಿಲ್ಲ.

ಇಲ್ಲಿ ಮುಖ್ಯವಾದುದು ಛಾವಣಿಯ ಎತ್ತರವಲ್ಲ, ಅದರ ಕೆಳಗಿನ ನೆಲ. ಗರಿಷ್ಠ ಮಿತಿ ಮಾಲೀಕನನ್ನು ಅವನದೇ ದುರಾಸೆಯಿಂದ ಕಾಪಾಡುತ್ತದೆ. ಕನಿಷ್ಠ ಮಿತಿ ಮತ್ತು ಕನಿಷ್ಠ ಸಂಬಳ, ಹೆಸರು ಮಾಡದ ಇಪ್ಪತ್ತಮೂರನೇ ಆಟಗಾರನನ್ನು ಕಾಪಾಡುತ್ತವೆ. ಮುಂದಿನ ಮೂರು ಋತುಗಳ ಅಂದಾಜು ಮಿತಿಯನ್ನು ಲೀಗ್ ಮತ್ತು ಆಟಗಾರರ ಸಂಘ ಸೇರಿ 2025ರ ಜನವರಿಯಲ್ಲೇ ಪ್ರಕಟಿಸಿದವು. ನಾಳೆ ಏನೆಂಬುದು ಗೊತ್ತಿದ್ದವನು ಇಂದು ಧೈರ್ಯದಿಂದ ಸಹಿ ಹಾಕಬಲ್ಲ.

ಈ ಕನ್ನಡಿಯಲ್ಲಿ ಭಾರತೀಯ ಹಾಕಿಯ ಮುಖ ನೋಡಿದರೆ ಚಿಂತೆಯಾಗುತ್ತದೆ. ಇಲ್ಲಿ ಛಾವಣಿ ಇಲ್ಲದಿಲ್ಲ. 2024ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ನಡೆದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಪುರುಷರ ಪ್ರತಿ ತಂಡಕ್ಕೆ 4 ಕೋಟಿ ರೂ., ಮಹಿಳೆಯರ ತಂಡಕ್ಕೆ 2 ಕೋಟಿ ರೂ. ಮಿತಿ ಇತ್ತು. ಭಾರತ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂ. ಪಡೆದು ಹರಾಜಿನ ಅತಿ ದುಬಾರಿ ಆಟಗಾರರೆನಿಸಿದರು. ಅಂದರೆ 24 ಮಂದಿಯ ಬಳಗದ ಇತರ 23 ಮಂದಿಗೆ ಉಳಿಯುವುದು 3.22 ಕೋಟಿ ರೂ., ಸರಾಸರಿ ತಲಾ 14 ಲಕ್ಷ ರೂ. ಮೂಲ ಬೆಲೆಯ ಕೆಳಗಿನ ಮೆಟ್ಟಿಲು 2 ಲಕ್ಷ ರೂ. ಕೆಲವೇ ವಾರಗಳ ಪಂದ್ಯಾವಳಿಗೆ ಇದು ಕಡಿಮೆಯಲ್ಲ ಎಂದು ಕೆಲವರು ವಾದಿಸಬಹುದು. ಪ್ರಶ್ನೆ ಮೊತ್ತದ್ದಲ್ಲ, ಮುಂದಿನ ವರ್ಷದ್ದು.

ಪ್ರೀಮಿಯರ್ ಹಾಕಿ ಲೀಗ್ 2005ರಲ್ಲಿ ಆರಂಭವಾಗಿ 2008ರಲ್ಲಿ ನಿಂತಿತು. 2012ರ ವಿಶ್ವ ಸರಣಿ ಹಾಕಿ ಒಂದೇ ವರ್ಷಕ್ಕೆ ಮುಗಿಯಿತು. 2013ರಲ್ಲಿ ಹುಟ್ಟಿದ ಹಾಕಿ ಇಂಡಿಯಾ ಲೀಗ್ 2017ರ ಬಳಿಕ ಕಣ್ಮರೆಯಾಗಿ 2024ರ ಡಿಸೆಂಬರ್‌ನಲ್ಲಿ ಮರುಜೀವ ಪಡೆಯಿತು. ಮರುಜೀವದ ಒಂದೇ ಋತುವಿನ ಬಳಿಕ ಯುಪಿ ರುದ್ರಾಸ್ ತಂಡದ ಮಾಲೀಕರು ಆರ್ಥಿಕ ಕಾರಣ ನೀಡಿ ಹಿಂದೆ ಸರಿದರು. ತಂಡವೇ ಇರುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಆಟಗಾರ ಯಾವ ಧೈರ್ಯದಿಂದ ಸಾಲ ತೆಗೆಯಬೇಕು, ಮನೆ ಕಟ್ಟಬೇಕು?

ಕನ್ನಡಿಗರಿಗೆ ಇದು ದೂರದ ಮಾತಲ್ಲ. 2012ರಲ್ಲಿ ನಡೆದ ಮೊದಲ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶ ವಿಜಾರ್ಡ್ಸ್ 76 ಸಾವಿರ ಡಾಲರ್‌ಗೆ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ಪಂಜಾಬ್ ವಾರಿಯರ್ಸ್ 42 ಸಾವಿರ ಡಾಲರ್‌ಗೆ ಕೊಂಡವು. 2024ರಲ್ಲಿ ನಾಪೋಕ್ಲುವಿನಲ್ಲಿ ಜರಗಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ 360 ತಂಡಗಳು ಪಾಲ್ಗೊಂಡವು. ಇಷ್ಟು ಫಲವತ್ತಾದ ನೆಲವಿದ್ದರೂ ಪುನರಾರಂಭಗೊಂಡ ಲೀಗ್‌ನ 2024-25ರ ಋತುವಿನಲ್ಲಿ ಕರ್ನಾಟಕದ ಹೆಸರಿನ ತಂಡವಿರಲಿಲ್ಲ. ಚೆನ್ನೈ, ಹೈದರಾಬಾದ್, ದಿಲ್ಲಿಯ ಕನ್ನಡಿಗರಿಗೆ ತಾವಿರುವ ಊರಿನ ಪರವಾಗಿ ಕೂಗಲು ತಂಡಗಳಿದ್ದವು. 2017ರ ಫೈನಲ್ ಆಡಿದ ದಬಂಗ್ ಮುಂಬಯಿ ಮಾತ್ರ ಮರಳಿ ಬರಲಿಲ್ಲ.

ಆದುದರಿಂದ ಹಾಕಿ ಇಂಡಿಯಾ ಕೆಲವು ವಿಷಯಗಳತ್ತ ಗಮನ ಹರಿಸುವುದು ಅಗತ್ಯ. ಮುಂದಿನ ಮೂರು ವರ್ಷಗಳ ಗರಿಷ್ಠ, ಕನಿಷ್ಠ ಮಿತಿಗಳನ್ನು ಮೊದಲೇ ಪ್ರಕಟಿಸಬೇಕು. ಉಳಿಸಿಕೊಳ್ಳುವ, ಬಿಡುಗಡೆ ಮಾಡುವ ದಿನಾಂಕಗಳು ಆಟಗಾರನಿಗೆ ತಿಂಗಳುಗಳ ಮುಂಚೆ ತಿಳಿದಿರಬೇಕು. ತಂಡ ಮುಚ್ಚಿದರೂ ಆಟಗಾರನ ಹಣಕ್ಕೆ ಭದ್ರತೆ ಇರಬೇಕು. ಈ ತೀರ್ಮಾನಗಳ ಮೇಜಿನಲ್ಲಿ ಆಟಗಾರರ ಪ್ರತಿನಿಧಿಗೂ ಒಂದು ಕುರ್ಚಿ ಬೇಕು. ಕರ್ನಾಟಕದ ಉದ್ಯಮಿಗಳು ತಂಡವೊಂದನ್ನು ಕಟ್ಟಲು ಮುಂದಾಗುವಂತೆ ಒತ್ತಾಯಿಸುವ ಕೆಲಸವನ್ನು ಹೊರನಾಡ ಕನ್ನಡ ಸಂಘಗಳೂ ಮಾಡಬಹುದು. ವಾರ್ಷಿಕ ಕ್ರೀಡಾಕೂಟದಲ್ಲಿ ಹಿರಿಯ ಆಟಗಾರರಿಗೆ ಶಾಲು ಹೊದಿಸಿ ಸನ್ಮಾನಿಸುವುದು ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಹಾಕಿ ಕೋಲು ಹಿಡಿದ ಮಗನನ್ನೋ ಮಗಳನ್ನೋ ಕಂಡು, ಮುಂದೆ ಹೊಟ್ಟೆಪಾಡಿಗೆ ಏನು ಎಂದು ಕೇಳುವ ಹೆತ್ತವರಿಗೆ ಶಾಲು ಉತ್ತರವಾಗದು. ಮೂರು ವರ್ಷ ಬಾಳುವ ಒಂದು ಕರಾರು ಪತ್ರ ಉತ್ತರವಾದೀತು.